ಹೊಸ ರೌಟರ್ ಬಂತು, ಇದ್ದ ಸ್ಪೀಡ್ ಎಲ್ಲಿ ಹೋಯ್ತು?

ಹಿಂದಿನ ಸಂಚಿಕೆಯಲ್ಲಿ ಮನೆಯಿಂದಲೇ ಕೆಲಸ ಮಾಡುವವರ ಖರ್ಚಿನ ಲೆಕ್ಕ ಹಾಕಿದ್ವಿ. ಅದಕ್ಕೆ ಬಂದ ಮೆಸೇಜುಗಳಲ್ಲಿ ಲೆಕ್ಕದ ಬಗ್ಗೆ ಕೇಳಿದವರಿಗಿಂತ ಇಂಟರ್‌ನೆಟ್ ಗೋಳು ಹೇಳಿಕೊಂಡವರೇ ಜಾಸ್ತಿ. ಅದರಲ್ಲೂ ಒಂದು ಮಾತು ಮತ್ತೆ ಮತ್ತೆ ಬಂತು: "ಮೊದಲು ಹೇಗೋ ನಡೀತಿತ್ತು, ಹೊಸ ರೌಟರ್ ಹಾಕಿದ ಮೇಲೆ ನಿಧಾನ ಆಯ್ತು." ಎರಡು ಸಾವಿರ ಕೊಟ್ಟು ತಂದ ಪೆಟ್ಟಿಗೆ ಇದ್ದ ಸ್ಪೀಡನ್ನೂ ಕಿತ್ಕೊಂಡ್ರೆ ಯಾರಿಗಾದ್ರೂ ಹೊಟ್ಟೆ ಉರಿಯುತ್ತೆ. ಇವತ್ತು ಅದರ ಬಗ್ಗೆನೇ ಮಾತಾಡೋಣ.

ಈ ತೊಂದರೆಗೆ ಸಿಕ್ಕಿಕೊಂಡವರ ಪಾಡು ಹೇಗಿರುತ್ತೆ ಗೊತ್ತಲ್ಲ. ಇಂಟರ್‌ನೆಟ್ ಕಂಪನಿಯ ಹುಡುಗ ಬರ್ತಾನೆ, ತನ್ನ ಫೋನಲ್ಲಿ ಒಂದು ಸ್ಪೀಡ್ ಟೆಸ್ಟ್ ಮಾಡಿ ತೋರಿಸ್ತಾನೆ, "ನಮ್ಮ ಕಡೆಯಿಂದ ಸರಿಯಾಗಿ ಬರ್ತಿದೆ, ನಿಮ್ಮ ರೌಟರ್ ಪ್ರಾಬ್ಲಂ" ಅಂತಾನೆ. ರೌಟರ್ ತಗೊಂಡು ಅಂಗಡಿಗೆ ಹೋದ್ರೆ ಅವರು ಪ್ಲಗ್ಗಿಗೆ ಹಾಕಿ ದೀಪ ಹತ್ತೋದು ತೋರಿಸಿ, "ಪೀಸ್ ಚೆನ್ನಾಗಿದೆ, ನಿಮ್ಮ ಲೈನ್ ಪ್ರಾಬ್ಲಂ" ಅಂತಾರೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ, "ಇನ್ನೂ ದೊಡ್ಡ ಪ್ಲಾನ್‌ಗೆ ಹೋಗಿ" ಅಂತಾರೆ. ಮೂರೂ ಜನ ಸುಳ್ಳು ಹೇಳ್ತಿದ್ದಾರೆ ಅಂತಲ್ಲ. ಅವರವರ ಪೆಟ್ಟಿಗೆ ಮಾತ್ರ ನೋಡ್ತಾರೆ, ನಡುವೆ ಏನಿದೆ ಅಂತ ಯಾರೂ ನೋಡಲ್ಲ, ಅಷ್ಟೇ.

ನಾನು ಎಂಜಿನಿಯರ್ ಅಲ್ಲ, ಬಿಕಾಂ ಓದಿದವಳು. ಬಿಕಾಂನಲ್ಲಿ ಬ್ಯಾಂಕ್ ರಿಕನ್ಸಿಲಿಯೇಶನ್ ಅಂತ ಒಂದು ಪಾಠ ಇರುತ್ತೆ. ನಿಮ್ಮ ಕ್ಯಾಶ್ ಬುಕ್ಕಲ್ಲಿ ಒಂದು ಮೊತ್ತ, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಇನ್ನೊಂದು ಮೊತ್ತ. ಯಾವುದು ತಪ್ಪು ಅಂತ ಜಗಳ ಆಡಲ್ಲ. ಒಂದೊಂದೇ ಎಂಟ್ರಿ ಟಿಕ್ ಹಾಕ್ತಾ ಹೋಗಿ, ಎಲ್ಲಿಂದ ಎರಡೂ ಬೇರೆ ಆದವು ಅನ್ನೋದನ್ನ ಹಿಡೀತೀವಿ. ಇಂಟರ್‌ನೆಟ್ ಸ್ಪೀಡಿಗೂ ಇದೇ ಕೆಲಸ. ಬೀದಿಯಿಂದ ನಿಮ್ಮ ಮೇಜಿನ ತನಕ ಸ್ಪೀಡು ನಾಲ್ಕೈದು ಕಡೆ ಕೈ ಬದಲಾಯಿಸುತ್ತೆ. ಯಾವ ಕೈಯಲ್ಲಿ ಕಳೆದುಹೋಯ್ತು ಅಂತ ಅಳೆದು ನೋಡುವ ತನಕ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಅಳೆಯೋಕೆ ಮುಂಚೆ ಎರಡು ಸಣ್ಣ ವಿಷಯ ಮುಗಿಸಿಬಿಡೋಣ. ಪ್ಲಾನಲ್ಲಿ ಬರೆಯೋದು ಎಂಬಿಪಿಎಸ್, ಅಂದ್ರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್. ಸಿನಿಮಾ ಡೌನ್‌ಲೋಡ್ ಮಾಡುವಾಗ ಪರದೆ ಮೇಲೆ ಕಾಣೋದು ಬಹಳ ಸಲ ಮೆಗಾಬೈಟ್. ಎಂಟು ಬಿಟ್ ಸೇರಿದ್ರೆ ಒಂದು ಬೈಟ್. ಹಾಗಾಗಿ 200 ಎಂಬಿಪಿಎಸ್ ಪ್ಲಾನಲ್ಲಿ ಸೆಕೆಂಡಿಗೆ 25 ಮೆಗಾಬೈಟ್ ಇಳಿದರೆ ಅದು ಪೂರ್ತಿ ಸ್ಪೀಡೇ, ಯಾರೂ ಮೋಸ ಮಾಡಿಲ್ಲ. ಎರಡನೇದು, ತಿಂಗಳ ಕೊನೆಯ ವಾರದಲ್ಲಿ ಮಾತ್ರ ನಿಧಾನ ಆಗ್ತಿದ್ರೆ ಪ್ಲಾನಿನ ಡೇಟಾ ಮಿತಿ ಮುಗಿದಿರಬಹುದು. ಅನ್‌ಲಿಮಿಟೆಡ್ ಅಂತ ದೊಡ್ಡದಾಗಿ ಬರೆದು, ಇಷ್ಟು ಜಿಬಿ ದಾಟಿದ ಮೇಲೆ ಸ್ಪೀಡ್ ಇಳಿಸ್ತೀವಿ ಅಂತ ಚಿಕ್ಕದಾಗಿ ಬರೆದಿರ್ತಾರೆ. ಕಂಪನಿಯ ಆ್ಯಪಲ್ಲಿ ನೋಡಿಕೊಳ್ಳಿ. ಎರಡೂ ಅಲ್ಲ ಅಂದ್ರೆ ಮುಂದೆ ಹೋಗೋಣ.

ಒಂದು ಮನೆಯ ಕಥೆ ಹೇಳ್ತೀನಿ, ಯಾಕಂದ್ರೆ ಅಲ್ಲಿ ಒಂದಲ್ಲ, ಮೂರು ತೊಂದರೆ ಒಟ್ಟಿಗೆ ಇದ್ವು. ಮೈಸೂರಿನಲ್ಲಿ ನಮ್ಮ ಚಿಕ್ಕಮ್ಮನ ಮನೆ. ಹೇಳಿದ್ರೆ ಪರವಾಗಿಲ್ಲ, ಹೆಸರು ಬೇಡ ಅಂದಿದ್ದಾನೆ ಅವರ ಮಗ. ಕೆಳಗೆ ಹಾಲು, ಮೇಲೆ ಒಂದು ರೂಮು. ಅವನು ಮೇಲಿನ ರೂಮಲ್ಲಿ ಕೂತು ಆರೋಗ್ಯ ವಿಮೆಯ ಕ್ಲೇಮುಗಳ ಕೆಲಸ ಮಾಡ್ತಾನೆ, ಕಂಪನಿ ಬೆಂಗಳೂರಲ್ಲಿ. ಚಿಕ್ಕಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕರ್ಕೊಂಡು ಹೋಗೋದು, ನಾಲ್ಕು ಗಂಟೆ ಕಾದು ವಾಪಸ್ ಕರ್ಕೊಂಡು ಬರೋದು ಎಲ್ಲ ಅವನೇ. ಕಾಲ್ ನಡುವೆ ಎರಡು ಸಲ ಲೈನ್ ಕಟ್ಟಾಗಿದ್ದಕ್ಕೆ ಅವನ ಮ್ಯಾನೇಜರ್ ಮೇಲ್ ಕಳಿಸಿದ್ರು: ಇನ್ನೊಂದು ಸಲ ಹೀಗಾದ್ರೆ ಆಫೀಸಿಗೇ ಬಂದು ಕೆಲಸ ಮಾಡಬೇಕಾಗುತ್ತೆ. ಬೆಂಗಳೂರಿಗೆ ಬಂದ್ರೆ ಪಿಜಿ ಬಾಡಿಗೆ ಒಂದು ಕಡೆ, ಡಯಾಲಿಸಿಸ್ಸಿಗೆ ಯಾರು ಅನ್ನೋದು ಇನ್ನೊಂದು ಕಡೆ. "ಅಕ್ಕಾ, ಇಂಟರ್‌ನೆಟ್ಟು ಚೆನ್ನಾಗಿರಲಿ ಅಂತಾನೇ ಹೊಸ ರೌಟರ್ ತಂದಿದ್ದು, ಅದನ್ನ ತಂದ ಮೇಲೇ ಹೀಗಾಗಿದ್ದು" ಅಂತ ಫೋನಲ್ಲಿ ಅಂದಾಗ ಅವನ ದನಿ ಕೇಳೋ ಹಾಗಿರಲಿಲ್ಲ. ಶನಿವಾರ ಬಸ್ ಹತ್ತಿದೆ.

ಆ ಮನೆಯ ವ್ಯವಸ್ಥೆ ಹೀಗಿತ್ತು. ಫೈಬರ್ ಬಂದು ಸೇರೋದು ಹಾಲಿನಲ್ಲಿರುವ ಕಂಪನಿಯ ಪೆಟ್ಟಿಗೆಗೆ. ಅದರ ಹೆಸರು ಓಎನ್‌ಟಿ, ನಾವೆಲ್ಲ ಮೋಡೆಮ್ ಅಂತೀವಿ. ಅದರಲ್ಲೇ ವೈಫೈ ಕೂಡ ಇದೆ. ನಡುವೆ ಕಾಂಕ್ರೀಟ್ ಸ್ಲ್ಯಾಬ್ ಇರೋದ್ರಿಂದ ಮೇಲಿನ ರೂಮಿಗೆ ವೈಫೈ ಸೊರಗಿ ಬರ್ತಿತ್ತು, ಆದ್ರೂ 25, 30 ಎಂಬಿಪಿಎಸ್ ಸಿಗ್ತಿತ್ತು. ಪ್ಲಾನು 200ರದ್ದು. ಇನ್ನೂ ಚೆನ್ನಾಗಿರಲಿ ಅಂತ ಮೇಲಿನ ರೂಮಿಗೆ ಒಂದು ರೌಟರ್ ತಂದು, ಮನೆಯಲ್ಲೇ ಬಿದ್ದಿದ್ದ ಹಳೇ ಲ್ಯಾನ್ ಕೇಬಲನ್ನು ಮೆಟ್ಟಿಲ ಪಕ್ಕ ಎಳೆದು ಸೇರಿಸಿದ್ರು. ವೈಫೈಗೆ ಕೆಳಗಿನ ಹೆಸರು, ಕೆಳಗಿನ ಪಾಸ್‌ವರ್ಡನ್ನೇ ಇಟ್ಟರು. ಅವತ್ತಿನಿಂದ ಲ್ಯಾಪ್‌ಟಾಪಲ್ಲಿ ಒಮ್ಮೆ 11, ಒಮ್ಮೆ 60, ಮತ್ತೆ 9. ವಿಚಿತ್ರ ಅಂದ್ರೆ ಫೋನಲ್ಲಿ ಯಾವಾಗಲೂ 90ರ ಹತ್ತಿರ. ಹಾಗಾಗಿ ಎಲ್ಲರೂ ಲ್ಯಾಪ್‌ಟಾಪ್ ಹಾಳಾಗಿದೆ ಅನ್ನೋ ತೀರ್ಮಾನಕ್ಕೆ ಬಂದಿದ್ರು.

ಮೊದಲ ಅಳತೆ ಮೋಡೆಮ್ ಹತ್ತಿರ. ವೈಫೈ ಆಫ್ ಮಾಡಿ, ಲ್ಯಾಪ್‌ಟಾಪಿಗೆ ಒಳ್ಳೇ ಕೇಬಲ್ ಚುಚ್ಚಿ, ಮನೆಯ ಬೇರೆ ಫೋನು ಟಿವಿ ಎಲ್ಲದರ ವೈಫೈ ಆಫ್ ಮಾಡಿಸಿ ಟೆಸ್ಟ್ ಮಾಡಿದ್ವಿ. ಮೂರು ಸಲ. ಸ್ಪೀಡ್ ಟೆಸ್ಟ್ ಯಾವುದಾದ್ರೂ ಪರವಾಗಿಲ್ಲ, ಆದ್ರೆ ಪ್ರತಿ ಸಲ ಅದೇ ಆ್ಯಪು, ಅದೇ ಸರ್ವರ್ ಇರಲಿ. ತಕ್ಕಡಿ ಬದಲಾಯಿಸಿದ್ರೆ ತೂಕಕ್ಕೆ ಅರ್ಥ ಇರಲ್ಲ. ಬಂದದ್ದು 197. ಅಂದ್ರೆ ಕಂಪನಿಯ ಲೈನು ಸರಿ ಇದೆ, ಅವರ ಹುಡುಗ ಹೇಳಿದ್ದು ನಿಜ.

ಇಲ್ಲೇ ಕಡಿಮೆ ಬಂದಿದ್ರೆ ಏನು? ಆಗ ಹೊಸ ರೌಟರಿನ ಮಾತೇ ಬೇಡ, ತೊಂದರೆ ಅದಕ್ಕೂ ಹಿಂದಿನದು. ಮೋಡೆಮ್ ಹಿಂದೆ ಬರುವ ತೆಳು ಫೈಬರ್ ಎಲ್ಲಾದ್ರೂ ಬಾಗಿಲ ಸಂದಿಗೆ ಸಿಕ್ಕಿದೆಯಾ, ತುಂಬಾ ಬಿಗಿಯಾಗಿ ಮಡಚಿದೆಯಾ ನೋಡಿ. ಫೈಬರಲ್ಲಿ ಹೋಗೋದು ಬೆಳಕು, ಚೂಪಾಗಿ ಬಗ್ಗಿಸಿದ್ರೆ ಅಲ್ಲೇ ಸೋರುತ್ತೆ. ಬಂದ ಟೆಕ್ನಿಷಿಯನ್ ಹತ್ತಿರ ಪವರ್ ಮೀಟರ್ ಇರುತ್ತೆ, ರೀಡಿಂಗ್ ಎಷ್ಟು ಅಂತ ಕೇಳಿ. ಮೈನಸ್ 20ರ ಆಸುಪಾಸು ಇದ್ರೆ ಆರಾಮ, ಮೈನಸ್ 27 ದಾಟಿದ್ರೆ ಬೆಳಕು ಸಾಲುತ್ತಿಲ್ಲ ಅಂತ ಅರ್ಥ. ಈ ಒಂದು ಪ್ರಶ್ನೆ ಕೇಳಿ ನೋಡಿ, ಅವರು ಮಾತಾಡುವ ಧಾಟಿಯೇ ಬದಲಾಗುತ್ತೆ. ಇನ್ನೊಂದು, ಮೋಡೆಮ್ ಹಿಂದೆ ಇರುವ ಚಿಕ್ಕ ರೀಸೆಟ್ ತೂತಿಗೆ ಪಿನ್ನು ಹಾಕೋಕೆ ದಯವಿಟ್ಟು ಹೋಗಬೇಡಿ. ಸ್ವಿಚ್ ಆಫ್ ಮಾಡಿ ಆನ್ ಮಾಡೋದು ಬೇರೆ, ರೀಸೆಟ್ ಬೇರೆ. ರೀಸೆಟ್ ಆದ್ರೆ ಕಂಪನಿಯವರು ಹಾಕಿದ ಸೆಟ್ಟಿಂಗೇ ಅಳಿಸಿ ಹೋಗಬಹುದು, ಆಮೇಲೆ ಅವರು ಬರುವ ತನಕ ಇಂಟರ್‌ನೆಟ್ಟೇ ಇರಲ್ಲ.

ಎರಡನೇ ಅಳತೆ ಮೇಲಿನ ರೂಮಲ್ಲಿ. ಹೊಸ ರೌಟರಿಗೆ ಚುಚ್ಚಿದ್ದ ಕೇಬಲ್ ತೆಗೆದು ನೇರ ಲ್ಯಾಪ್‌ಟಾಪಿಗೆ ಹಾಕಿದ್ವಿ. ರೌಟರ್ ಈಗ ಲೆಕ್ಕದಲ್ಲೇ ಇಲ್ಲ, ನಡುವೆ ಇರೋದು ಕೇಬಲ್ ಒಂದೇ. ಬಂದದ್ದು 94. ಇನ್ನೊಂದು ಸಲ, 94. ಮತ್ತೆ, 94.

ಈ ಸಂಖ್ಯೆ ನೆನಪಲ್ಲಿಟ್ಟುಕೊಳ್ಳಿ. ನಿಮ್ಮ ಪ್ಲಾನು 150, 200, 300 ಏನೇ ಇರಲಿ, ಕೇಬಲ್ ಹಾಕಿ ಅಳೆದಾಗ ಪ್ರತಿ ಸಲ 93, 94, 95ರಲ್ಲೇ ನಿಲ್ಲುತ್ತಿದ್ರೆ ಅದು ಕಾಕತಾಳೀಯ ಅಲ್ಲ. ಲ್ಯಾನ್ ಸಂಪರ್ಕ ಗಿಗಾಬಿಟ್ ಬದಲು 100ರ ಗೇರಲ್ಲಿ ಓಡ್ತಿದೆ ಅಂತ ಅದರ ಅರ್ಥ. ಆ 100ರಲ್ಲಿ ಡೇಟಾದ ಮೇಲಿನ ಹೊದಿಕೆ, ವಿಳಾಸ ಅದು ಇದು ಕಳೆದು ನಮ್ಮ ಕೈಗೆ ಸಿಗೋದು 94. ಸಂಬಳದಲ್ಲಿ ಪಿಎಫ್ ಕಟ್ ಆಗಿ ಬರುತ್ತಲ್ಲ, ಹಾಗೆ.

ಯಾಕೆ 100ಕ್ಕೆ ಇಳೀತು? ಲ್ಯಾನ್ ಕೇಬಲ್ ಒಳಗೆ ಎಂಟು ತಂತಿ, ಅಂದ್ರೆ ನಾಲ್ಕು ಜೋಡಿ. 100 ಎಂಬಿಪಿಎಸ್ ಓಡೋಕೆ ಎರಡು ಜೋಡಿ ಸಾಕು. ಗಿಗಾಬಿಟ್ಟಿಗೆ ನಾಲ್ಕೂ ಬೇಕು. ಆ ಎರಡು ಜೋಡಿ ಬಿಟ್ಟು ಉಳಿದವುಗಳಲ್ಲಿ ಒಂದು ತಂತಿ ಕಟ್ಟಾಗಿದ್ರೂ ಸಾಮಾನ್ಯವಾಗಿ ಎರಡೂ ಕಡೆಯ ಯಂತ್ರಗಳು ತಮ್ಮೊಳಗೇ ಮಾತಾಡಿಕೊಂಡು 100ಕ್ಕೆ ಇಳಿದುಬಿಡ್ತವೆ. ಯಾವ ಎರರ್ರೂ ಬರಲ್ಲ, ದೀಪ ಹಸಿರಾಗೇ ಇರುತ್ತೆ. ಚಿಕ್ಕಮ್ಮನ ಮನೆಯ ಕೇಬಲ್ ತುದಿಯ ಪಾರದರ್ಶಕ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿದ್ರೆ, ಒಳಗೆ ಇದ್ದದ್ದೇ ನಾಲ್ಕು ತಂತಿ. ಹಿಂದೆ ಯಾವಾಗಲೋ ಹಳೇ ಕನೆಕ್ಷನ್ನಿಗೆ ಬಂದವರು ನಾಲ್ಕೇ ತಂತಿ ಸೇರಿಸಿ ಪಿನ್ ಹೊಡೆದಿದ್ರು. ಆ ಕಾಲಕ್ಕೆ ಅದು ಸರಿಯೇ, 10 ಎಂಬಿಪಿಎಸ್ ಪ್ಲಾನಿಗೆ ಅಷ್ಟು ಧಾರಾಳ.

ವಿಂಡೋಸ್ ಲ್ಯಾಪ್‌ಟಾಪಲ್ಲಿ ಇದನ್ನ ಟೆಸ್ಟ್ ಮಾಡದೆಯೂ ನೋಡಬಹುದು. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರೊಳಗೆ ಈಥರ್‌ನೆಟ್, ಅಲ್ಲಿ ಲಿಂಕ್ ಸ್ಪೀಡ್ ಅಂತ ಒಂದು ಸಾಲು. 1000 ಅಂತಿದ್ರೆ ಸರಿ. 100 ಅಂತಿದ್ರೆ ಕೇಬಲ್ ಅಥವಾ ಎರಡರಲ್ಲಿ ಒಂದು ಕಡೆಯ ಪೋರ್ಟು ಕಾರಣ.

ಪೋರ್ಟು ಅಂದೆ ನೋಡಿ, ಅದೂ ಒಂದು ದೊಡ್ಡ ವಿಷಯ. ರೌಟರ್ ಡಬ್ಬದ ಮೇಲೆ 1200 ಅಂತ ಬರೆದಿರುತ್ತೆ. ಜನ 1200 ಎಂಬಿಪಿಎಸ್ ಬರುತ್ತೆ ಅಂದ್ಕೋತಾರೆ. ಅದು 2.4 ಗಿಗಾಹರ್ಟ್ಸ್ ಬ್ಯಾಂಡಿನ 300, 5 ಗಿಗಾಹರ್ಟ್ಸ್ ಬ್ಯಾಂಡಿನ 867, ಎರಡನ್ನೂ ಕೂಡಿಸಿ ಹತ್ತಿರದ ದುಂಡು ಸಂಖ್ಯೆಗೆ ಏರಿಸಿದ ಲೆಕ್ಕ. ಎರಡೂ ಕಾಗದದ ಮೇಲಿನ ಗರಿಷ್ಠ, ಒಂದು ಲ್ಯಾಪ್‌ಟಾಪ್ ಒಂದು ಸಲಕ್ಕೆ ಒಂದೇ ಬ್ಯಾಂಡಲ್ಲಿ ಇರೋದು. ಇಂಥ ಬ್ಯಾಲೆನ್ಸ್ ಶೀಟನ್ನ ನಮ್ಮ ಲೆಕ್ಚರರ್ ಹತ್ತಿರ ತಗೊಂಡು ಹೋಗಿದ್ರೆ ಪುಸ್ತಕ ಮುಖಕ್ಕೆ ಎಸೀತಿದ್ರು. ಅದಕ್ಕಿಂತ ಮುಖ್ಯ, 1200 ಅಂತ ಬರೆದಿರುವ ಕಡಿಮೆ ಬೆಲೆಯ ಎಷ್ಟೋ ರೌಟರುಗಳ ಹಿಂದಿನ ಪೋರ್ಟು 100 ಎಂಬಿಪಿಎಸ್‌ದು. ಹಿತ್ತಿಲ ಬಾಗಿಲು ಅಷ್ಟೇ ಅಗಲ ಇದ್ದ ಮೇಲೆ ಮುಂಬಾಗಿಲು ಎಷ್ಟು ದೊಡ್ಡದಿದ್ದು ಏನು ಪ್ರಯೋಜನ? ಕೊಳ್ಳುವಾಗ ಡಬ್ಬದ ಪಕ್ಕದಲ್ಲಿ ಸಣ್ಣಕ್ಷರದಲ್ಲಿ 10/100 ಅಂತಿದೆಯೋ 10/100/1000 ಅಂತಿದೆಯೋ ಓದಿ. ನಿಮ್ಮ ಪ್ಲಾನು 100ಕ್ಕಿಂತ ಜಾಸ್ತಿ ಇದ್ರೆ ಎರಡನೇದೇ ಬೇಕು. ಪುಣ್ಯಕ್ಕೆ ಇವನು ತಂದಿದ್ದು ಗಿಗಾಬಿಟ್ ಪೋರ್ಟಿನದು.

ಇಷ್ಟಾದ್ರೂ 94 ಬರ್ತಿದೆ ಅಂದ ಮೇಲೆ 11 ಯಾಕೆ, 9 ಯಾಕೆ? ಕಾಲ್ ಕಟ್ಟಾಗೋದು ಯಾಕೆ? ಅದಕ್ಕೆ ಮೂರನೇ ಅಳತೆ, ವೈಫೈದು. ರೌಟರ್ ಪಕ್ಕದಲ್ಲೇ ನಿಂತು ಫೋನಲ್ಲಿ ನೋಡಿದ್ರೆ 90. ಲ್ಯಾಪ್‌ಟಾಪಲ್ಲಿ 11. ಆಗ ಲ್ಯಾಪ್‌ಟಾಪಿನ ಐಪಿ ವಿಳಾಸ ನೋಡಿದೆ. ಫೋನಿನದು 192.168.0 ಅಂತ ಶುರು ಆಗ್ತಿತ್ತು, ಲ್ಯಾಪ್‌ಟಾಪಿನದು 192.168.1 ಅಂತ. ಒಂದೇ ರೂಮು, ಒಂದೇ ವೈಫೈ ಹೆಸರು, ಆದ್ರೆ ಎರಡು ಬೇರೆ ಮನೆ. ಲ್ಯಾಪ್‌ಟಾಪ್ ಪಕ್ಕದಲ್ಲಿರುವ ಹೊಸ ರೌಟರನ್ನ ಬಿಟ್ಟು, ಸ್ಲ್ಯಾಬಿನ ಕೆಳಗಿರುವ ಹಳೇ ಮೋಡೆಮ್ಮಿಗೇ ಜೋತುಬಿದ್ದಿತ್ತು.

ಅವನ ದಿನಚರಿ ಕೇಳಿದ ಮೇಲೆ ಅರ್ಥ ಆಯ್ತು. ಬೆಳಗ್ಗೆ ಕೆಳಗೆ ಚಿಕ್ಕಪ್ಪನ ಜೊತೆ ಕೂತು ಮೇಲ್ ನೋಡ್ತಾ ತಿಂಡಿ ತಿಂತಾನೆ. ಆಮೇಲೆ ಲ್ಯಾಪ್‌ಟಾಪನ್ನ ಹಾಗೇ ಎತ್ತಿಕೊಂಡು ಮೇಲೆ ಹೋಗ್ತಾನೆ. ಒಂದೇ ಹೆಸರಿನ ಎರಡು ವೈಫೈ ಇದ್ದಾಗ ಯಾವಾಗ ಬದಲಾಯಿಸಬೇಕು ಅಂತ ನಿರ್ಧರಿಸೋದು ರೌಟರಲ್ಲ, ಲ್ಯಾಪ್‌ಟಾಪು. ಹಳೇದು ಪೂರ್ತಿ ಕೈಕೊಡುವ ತನಕ ಕೆಲವು ಲ್ಯಾಪ್‌ಟಾಪುಗಳು ಬಿಡೋದೇ ಇಲ್ಲ.

ಸರಿ, ಆದ್ರೆ ಮೊದಲೂ ಕೆಳಗಿನ ವೈಫೈ ಮೇಲೆ 30 ಕೊಡ್ತಿತ್ತಲ್ಲ, ಈಗ ಅದೇ ವೈಫೈ 11 ಯಾಕೆ ಕೊಡ್ತು? ನನಗೆ ಇಡೀ ಕಥೆಯಲ್ಲಿ ಇಷ್ಟ ಆದ ಭಾಗ ಇದೇ. 2.4 ಗಿಗಾಹರ್ಟ್ಸ್ ಬ್ಯಾಂಡಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್ ಇದೆ. ಹೆಸರಿಗೆ 13, ಆದ್ರೆ ಅಕ್ಕಪಕ್ಕದವು ಒಂದರ ಮೇಲೊಂದು ಬೀಳ್ತವೆ. ಒಂದಕ್ಕೊಂದು ತಾಗದೆ ಇರುವವು ಅಂದ್ರೆ 1, 6, 11, ಇಷ್ಟೇ. ಎರಡು ರೌಟರ್ ಒಂದೇ ಚಾನೆಲ್ಲಲ್ಲಿ ಇದ್ರೆ ಒಂದರ ಮಾತು ಇನ್ನೊಂದಕ್ಕೆ ಅರ್ಥ ಆಗುತ್ತೆ, ಸರದಿ ಮೇಲೆ ಮಾತಾಡ್ತವೆ. ನಿಧಾನ ಆಗುತ್ತೆ, ಆದ್ರೂ ಮರ್ಯಾದೆಯಿಂದ ನಡೆಯುತ್ತೆ. 6 ಮತ್ತು 8ರಂತೆ ಅರ್ಧಂಬರ್ಧ ತಾಗುವ ಚಾನೆಲ್ ಆದ್ರೆ ಒಂದರ ಮಾತು ಇನ್ನೊಂದಕ್ಕೆ ಬರೀ ಗದ್ದಲ. ಒಂದೇ ಬೀದಿಯಲ್ಲಿ ಎರಡು ಗಣಪತಿ ಪೆಂಡಾಲ್, ಎರಡರಲ್ಲೂ ಮೈಕು, ಒಂದು ಕಡೆ ಭಜನೆ, ಇನ್ನೊಂದು ಕಡೆ ಆರ್ಕೆಸ್ಟ್ರಾ. ಚಿಕ್ಕಮ್ಮನ ಮನೆಯಲ್ಲಿ ಕೆಳಗಿನದು 6ರಲ್ಲಿ, ಹೊಸದು 8ರಲ್ಲಿ. ಸ್ಲ್ಯಾಬ್ ದಾಟಿ ಸಣ್ಣ ದನಿಯಲ್ಲಿ ಬರ್ತಿದ್ದ ಹಳೇ ವೈಫೈಯನ್ನ ಲ್ಯಾಪ್‌ಟಾಪ್ ಪಕ್ಕದಲ್ಲೇ ಕೂಗ್ತಿದ್ದ ಹೊಸ ರೌಟರ್ ಮುಳುಗಿಸ್ತಿತ್ತು. ಹಾಗಾಗಿ "ರೌಟರ್ ತಂದ ಮೇಲೇ ನಿಧಾನ ಆಯ್ತು" ಅಂತ ಅವನು ಹೇಳಿದ್ದು ಅಕ್ಷರಶಃ ನಿಜ. ಅಂಗಡಿಯವರು ಪೀಸ್ ಚೆನ್ನಾಗಿದೆ ಅಂದಿದ್ದೂ ನಿಜ.

ಕಾಲ್ ಕಟ್ಟಾಗ್ತಿದ್ದದ್ದಕ್ಕೆ ಕಾರಣ ಬೇರೆ. ಹಳೇ ವಠಾರ ನೆನಪು ಮಾಡಿಕೊಳ್ಳಿ. ಹೊರಗಿನವರಿಗೆ ಇಡೀ ವಠಾರಕ್ಕೆ ಒಂದೇ ವಿಳಾಸ. ಒಳಗೆ ಯಾವ ಕಾಗದ ಯಾವ ಮನೆಗೆ ಅಂತ ಗೇಟಿನಲ್ಲಿ ಒಬ್ಬ ಬರೆದಿಟ್ಟುಕೊಂಡು ಹಂಚ್ತಾನೆ. ರೌಟರ್ ಮಾಡೋದು ಅದೇ ಕೆಲಸ, ಅದನ್ನ ನ್ಯಾಟ್ ಅಂತಾರೆ. ಮೋಡೆಮ್ ಈಗಾಗಲೇ ಈ ಕೆಲಸ ಮಾಡ್ತಿದೆ. ಹೊಸ ರೌಟರನ್ನ ಡಬ್ಬದಿಂದ ತೆಗೆದು ಹಾಗೇ ಸೇರಿಸಿದ್ರೆ ಅದೂ ಅದೇ ಕೆಲಸ ಶುರು ಮಾಡುತ್ತೆ, ವಠಾರದೊಳಗೆ ಇನ್ನೊಂದು ವಠಾರ. ಇದಕ್ಕೆ ಡಬಲ್ ನ್ಯಾಟ್ ಅಂತ ಹೆಸರು. ಡಬಲ್ ನ್ಯಾಟ್ ಆದ ಮಾತ್ರಕ್ಕೆ ಸ್ಪೀಡು ಅಷ್ಟೇನೂ ಇಳಿಯಲ್ಲ, ಯೂಟ್ಯೂಬ್ ನೋಡೋರಿಗೆ ಗೊತ್ತೂ ಆಗಲ್ಲ. ಗೊತ್ತಾಗೋದು ಆನ್‌ಲೈನ್ ಗೇಮ್ ಆಡುವವರಿಗೆ, ಮನೆಯ ಕ್ಯಾಮೆರಾ ಹೊರಗಿಂದ ನೋಡುವವರಿಗೆ, ಮತ್ತೆ ಇವನ ಥರ ಆಫೀಸಿನ ವಿಪಿಎನ್ ಹಾಕಿಕೊಂಡು ಎರಡು ವೈಫೈ ನಡುವೆ ಓಲಾಡುವವರಿಗೆ. ಲ್ಯಾಪ್‌ಟಾಪ್ ಕೆಳಗಿನದನ್ನ ಬಿಟ್ಟು ಮೇಲಿನದನ್ನ ಹಿಡಿದ ಕ್ಷಣ ಅದರ ಮನೆ ನಂಬರೇ ಬದಲು. ಹಳೇ ನಂಬರಿಗೆ ಬರ್ತಿದ್ದ ಕಾಗದವೆಲ್ಲ ಅನಾಥ. ವಿಪಿಎನ್ ಹೊಸದಾಗಿ ಲಾಗಿನ್ ಕೇಳುತ್ತೆ, ಅಷ್ಟರಲ್ಲಿ ಆ ಕಡೆ ಕಸ್ಟಮರ್ "ಹಲೋ, ಹಲೋ" ಅಂತಿರ್ತಾರೆ.

ಪರಿಹಾರಕ್ಕೆ ಒಂದು ಮಧ್ಯಾಹ್ನ ಸಾಕಾಯ್ತು. ಎಂಟೂ ತಂತಿ ಇರುವ, ಶುದ್ಧ ತಾಮ್ರದ ಕ್ಯಾಟ್ 6 ಕೇಬಲ್, 15 ಮೀಟರ್ ರೆಡಿಮೇಡ್ ತಂದ್ವಿ. ಕೆಲವು ನೂರು ರೂಪಾಯಿ. ಅಂಗಡಿಯಲ್ಲಿ ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ ಕೇಬಲ್ಲೂ ಇರುತ್ತೆ, ಸಿಸಿಎ ಅಂತ ಬರೆದಿರ್ತಾರೆ, ಅಗ್ಗ. ಅದು ಬೇಡ, ಬಗ್ಗಿಸಿದ ಕಡೆ ಬೇಗ ಮುರಿಯುತ್ತೆ.

ಆಮೇಲೆ ಹೊಸ ರೌಟರಿನ ಸೆಟ್ಟಿಂಗಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಅಂತ ಇರುತ್ತೆ, ಅದನ್ನ ಆರಿಸಿದ್ವಿ. ಅಲ್ಲಿಗೆ ಅದು ವಠಾರದ ಯಜಮಾನಿಕೆ ಬಿಟ್ಟು ಬರೀ ವೈಫೈ ಹಂಚುವ ಕೆಲಸ ಮಾಡುತ್ತೆ. ವಿಳಾಸ ಕೊಡೋದೆಲ್ಲ ಕೆಳಗಿನ ಮೋಡೆಮ್. ಮೇಲೆ ಹೋದ್ರೂ ಕೆಳಗೆ ಬಂದ್ರೂ ಲ್ಯಾಪ್‌ಟಾಪಿಗೆ ಒಂದೇ ನಂಬರು. ಕೆಲವು ರೌಟರಲ್ಲಿ ಈ ಮೋಡ್ ಇರಲ್ಲ. ಆಗ ಮೂರು ಕೆಲಸ ಕೈಯಾರೆ ಮಾಡಬೇಕು: ಮೊದಲು ಹೊಸ ರೌಟರಿನ ಸ್ವಂತ ವಿಳಾಸವನ್ನ ಮೋಡೆಮಿನ ಸಾಲಿಗೇ, ಆದ್ರೆ ಬೇರೆ ನಂಬರಿಗೆ ಬದಲಾಯಿಸಬೇಕು, ಮೋಡೆಮ್ 192.168.1.1 ಆಗಿದ್ರೆ ಇದು 192.168.1.2 ಇರಲಿ, ಇನ್ಯಾವ ಸಾಧನಕ್ಕೂ ಆ ನಂಬರ್ ಸಿಕ್ಕಿರಬಾರದು. ಆಮೇಲೆ ಅದರ ಡಿಎಚ್‌ಸಿಪಿ ಆಫ್ ಮಾಡಬೇಕು. ಕೊನೆಗೆ ಮೋಡೆಮಿಂದ ಬರುವ ಕೇಬಲನ್ನ ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಹಾಕಬೇಕು. ಡಿಎಚ್‌ಸಿಪಿ ಆಫ್ ಮಾಡದೆ ಲ್ಯಾನಿಗೆ ಹಾಕಿದ್ರೋ, ಇಬ್ಬರೂ ನಂಬರ್ ಹಂಚೋಕೆ ಶುರು ಮಾಡ್ತಾರೆ, ಆಗ ಮನೆಯಲ್ಲಿ ಅರ್ಧ ಜನಕ್ಕೆ ಇಂಟರ್‌ನೆಟ್ ಇರುತ್ತೆ, ಅರ್ಧ ಜನಕ್ಕೆ ಇರಲ್ಲ.

ಚಾನೆಲ್ ಕೆಳಗಿನದನ್ನ 1ಕ್ಕೆ, ಮೇಲಿನದನ್ನ 11ಕ್ಕೆ ಇಟ್ವಿ, ಅಗಲ 40 ಇದ್ದದ್ದನ್ನ 20 ಮೆಗಾಹರ್ಟ್ಸ್ ಮಾಡಿದ್ವಿ. 2.4ರಲ್ಲಿ ಅಗಲ ಜಾಸ್ತಿ ಮಾಡಿದ್ರೆ ಪಕ್ಕದ ಮನೆಯವರ ಗದ್ದಲವನ್ನೂ ನಾವೇ ಒಳಗೆ ಕರೆದ ಹಾಗೆ. 5 ಗಿಗಾಹರ್ಟ್ಸಿಗೆ ಬೇರೆ ಹೆಸರು ಕೊಟ್ಟು ಲ್ಯಾಪ್‌ಟಾಪನ್ನ ಅದಕ್ಕೆ ಸೇರಿಸಿದ್ವಿ. 5 ಗಿಗಾಹರ್ಟ್ಸ್ ಗೋಡೆ ದಾಟೋದ್ರಲ್ಲಿ ಸೋಮಾರಿ, ಆದ್ರೆ ಒಂದೇ ರೂಮಲ್ಲಿ ಅದಕ್ಕೆ ಸಾಟಿ ಇಲ್ಲ. ಮತ್ತೆ ಕಾಲ್ ಕೆಲಸಕ್ಕೆ ವೈಫೈಯೇ ಬೇಡ ಅಂತ ರೌಟರಿಂದ ಲ್ಯಾಪ್‌ಟಾಪಿಗೆ ಒಂದು ಮೀಟರಿನ ಕೇಬಲ್ಲು. ಕೊನೆಗೆ ಅಳೆದಾಗ ಕೇಬಲಲ್ಲಿ 196, ವೈಫೈಯಲ್ಲಿ 190ರ ಹತ್ತಿರ.

ಇದರ ನಡುವೆ ದೊಡ್ಡ ಪ್ಲಾನಿನ ಲೆಕ್ಕ ಒಂದು ಹೇಳಿಬಿಡ್ತೀನಿ, ನನ್ನ ವಿಷಯ ಅದೇ ತಾನೆ. ತಿಂಗಳಿಗೆ 300 ರೂಪಾಯಿ ಜಾಸ್ತಿಯ ಪ್ಲಾನು ಅಂದುಕೊಳ್ಳಿ. ವರ್ಷಕ್ಕೆ 3600, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 648, ಒಟ್ಟು 4248. ಇಷ್ಟು ಕೊಟ್ಟು 300 ಎಂಬಿಪಿಎಸ್ ತಗೊಂಡಿದ್ರೂ ಆ ನಾಲ್ಕು ತಂತಿಯ ಕೇಬಲಿಂದ ಮೇಲೆ ಬರ್ತಿದ್ದದ್ದು ಅದೇ 94. ಲ್ಯಾಪ್‌ಟಾಪಿಗೆ ಅದೇ 11.

ಇನ್ನು ಕೇಳುಗರ ಮೂರ್ನಾಲ್ಕು ಪ್ರಶ್ನೆ ಇದೆ. ಕೇಬಲ್ ಎಳೆಯೋಕೆ ಮನೆ ಮಾಲೀಕರು ಬಿಡಲ್ಲ, ರಿಪೀಟರ್ ಹಾಕಬಹುದಾ ಅಂತ ಒಬ್ಬರು ಕೇಳಿದ್ದಾರೆ. ಹಾಕಬಹುದು, ಆದ್ರೆ ಅಗ್ಗದ ರಿಪೀಟರ್ ಯಾವ ರೇಡಿಯೋದಲ್ಲಿ ಕೇಳಿಸಿಕೊಳ್ಳುತ್ತೋ ಅದರಲ್ಲೇ ಮತ್ತೆ ಹೇಳಬೇಕು, ಒಂದೇ ಸಲಕ್ಕೆ ಎರಡೂ ಆಗಲ್ಲ. ಸ್ಪೀಡು ಸುಮಾರು ಅರ್ಧಕ್ಕೆ ಇಳಿಯುತ್ತೆ. ಅದನ್ನ ಸಿಗ್ನಲ್ ಸತ್ತ ರೂಮಲ್ಲಿ ಇಡಬೇಡಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಇಡಿ. ಮೆಶ್ ಬಗ್ಗೆ ಕೇಳಿದವರಿಗೂ ಸುಮಾರಾಗಿ ಇದೇ ಉತ್ತರ. ಡಬ್ಬಗಳ ನಡುವೆ ಕೇಬಲ್ ಇದ್ರೆ ಮೆಶ್ ಸೊಗಸು, ಇಲ್ಲದಿದ್ರೆ ದುಬಾರಿ ರಿಪೀಟರಿನ ಹತ್ತಿರದ ನೆಂಟ. ಹೊಸ ರೌಟರಲ್ಲಿ ಪೇರೆಂಟಲ್ ಕಂಟ್ರೋಲ್, ಕ್ಯೂಓಎಸ್ ಅಂತ ಆನ್ ಮಾಡಿದ ಮೇಲೆ ನಿಧಾನ ಆಯ್ತು ಅಂತ ಹಾಸನದಿಂದ ಒಬ್ಬರು ಬರೆದಿದ್ದಾರೆ. ಸರಿಯಾಗೇ ಹಿಡಿದಿದ್ದೀರಿ. ಕ್ಯೂಓಎಸ್‌ನಲ್ಲಿ ನಿಮ್ಮ ಪ್ಲಾನಿನ ಸ್ಪೀಡು ಎಷ್ಟು ಅಂತ ಹಾಕುವ ಜಾಗ ಇರುತ್ತೆ, ಅಲ್ಲಿ ಕಡಿಮೆ ಸಂಖ್ಯೆ ಇದ್ರೆ ಅದು ಅಷ್ಟಕ್ಕೇ ನಿಲ್ಲಿಸುತ್ತೆ. ಜೊತೆಗೆ ಚಿಕ್ಕ ರೌಟರಿನ ಪ್ರೊಸೆಸರಿಗೆ ಪ್ರತಿ ಪ್ಯಾಕೆಟ್ಟನ್ನೂ ಬಿಚ್ಚಿ ನೋಡೋ ಶಕ್ತಿ ಇರಲ್ಲ.

ಅಳೆದ ಮೇಲೆ ಕಂಪನಿಯದೇ ತಪ್ಪು ಅಂತ ಗೊತ್ತಾದ್ರೆ ಏನು ಮಾಡಬೇಕು ಅಂತಲೂ ಕೇಳಿದ್ದೀರಿ. ಮೋಡೆಮ್ಮಿಗೆ ನೇರ ಕೇಬಲ್ ಹಾಕಿ ಮಾಡಿದ ಟೆಸ್ಟಿನ ಸ್ಕ್ರೀನ್‌ಶಾಟ್, ತಾರೀಖು ಸಮಯ ಸಮೇತ ಎರಡು ಮೂರು ದಿನದ್ದು ಇಟ್ಟುಕೊಳ್ಳಿ. ವೈಫೈ ಸ್ಕ್ರೀನ್‌ಶಾಟ್ ಕಳಿಸಿದ್ರೆ ಅವರು ಸುಲಭವಾಗಿ ತಳ್ಳಿಹಾಕ್ತಾರೆ. ದೂರು ಕೊಟ್ಟಾಗ ಡಾಕೆಟ್ ನಂಬರ್ ಕೇಳಿ ಬರೆದುಕೊಳ್ಳಿ. ಪರಿಹಾರ ಸಿಗದಿದ್ರೆ ಅಥವಾ ಸಿಕ್ಕಿದ್ದು ಸರಿ ಅನ್ನಿಸದಿದ್ರೆ, ಆ ಡಾಕೆಟ್ ನಂಬರ್ ಇಟ್ಟುಕೊಂಡು ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಶುಲ್ಕ ಇಲ್ಲ. ನೇರ ಟ್ರಾಯ್‌ಗೆ ಬರೆದವರು ಕೆಲವರಿದ್ದಾರೆ. ಟ್ರಾಯ್ ನಿಯಮ ಮಾಡುತ್ತೆ, ಒಬ್ಬೊಬ್ಬರ ದೂರು ಬಗೆಹರಿಸಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೂ ಮಾತಾಡಬಹುದು. ಕಾನೂನಿನ ಕನಿಷ್ಠ ಮಿತಿ ನಿಮ್ಮ ಕೈ ಹಿಡಿಯುತ್ತೆ ಅಂತ ಕಾಯಬೇಡಿ. 2023ರ ಜನವರಿಯಿಂದ ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳೋಕೆ ಬೇಕಾದ ಕನಿಷ್ಠ ಸ್ಪೀಡು 2 ಎಂಬಿಪಿಎಸ್. ಅದಕ್ಕೂ ಮುಂಚೆ 512 ಕೆಬಿಪಿಎಸ್ ಇತ್ತು. 200ಕ್ಕೆ ದುಡ್ಡು ಕೊಟ್ಟವರಿಗೆ ಇದು ಯಾವ ಮೂಲೆಗೆ? ನಿಮ್ಮ ಬಿಲ್ಲಲ್ಲಿ ಬರೆದ ಸ್ಪೀಡು, ನೀವು ಅಳೆದ ಸ್ಪೀಡು, ಈ ಎರಡನ್ನ ಪಕ್ಕಪಕ್ಕ ಇಟ್ಟು ಮಾತಾಡಿ.

ಅವನ ಕಂಪನಿಯಿಂದ ಆಮೇಲೆ ಆ ಥರದ ಮೇಲ್ ಬಂದಿಲ್ಲ. ಡಯಾಲಿಸಿಸ್ ಸೆಂಟರಿನಲ್ಲಿ ಕಾಯುವ ನಾಲ್ಕು ಗಂಟೆ ಫೋನಿನ ಹಾಟ್‌ಸ್ಪಾಟಲ್ಲೇ ಕೆಲಸ ಮಾಡ್ತಾನಂತೆ, ಅಲ್ಲಿ ಬೇಸ್‌ಮೆಂಟಲ್ಲಿ ಸಿಗ್ನಲ್ ಇಲ್ಲ ಅಂತ ಈಗ ಹೊಸ ತಕರಾರು. ಮೊಬೈಲ್ ಡೇಟಾ ಪ್ಲಾನುಗಳ ಲೆಕ್ಕವನ್ನ ಮುಂದಿನ ವಾರ ತಗೋತೀನಿ. ನಿಮ್ಮ ಮನೆಯ ಅಳತೆ ಏನು ಬಂತು, ಮೋಡೆಮ್ ಹತ್ತಿರ ಎಷ್ಟು, ಮೇಜಿನ ಹತ್ತಿರ ಎಷ್ಟು, ಎರಡೂ ಬರೆದು ಕಳಿಸಿ.